ಟವೆಲ್ ಬಟ್ಟೆಯ ಕುಣಿಕೆ

ಬಾವಿ ದಾಟುವಾಗ ಹಗ್ಗ ಭಾರವಾಯಿತಂತೆ.

ಅಲ್ಲಿವರೆಗೆ ಹಗುರವಾಗಿಯೇ ಇತ್ತು. ಗುಡ್ಡದ ಮೇಲಿನ ಕಲ್ಲುಕಂಬಗಳು ಹಿಂದೆ ಉಳಿದಿದ್ದವು. ಕತ್ತಲು ಇಳಿಯುತ್ತಿತ್ತು. ಮಕ್ಕಳು ಒಂದೇ ಹಗ್ಗ ಹಿಡಿದು ಸಾಲಾಗಿ ಕೆಳಗೆ ಬರುತ್ತಿದ್ದರು. ದಾರಿ ಪಕ್ಕದಲ್ಲಿ ಒಂದು ಹಳೇ ಬಾವಿ. ಅದನ್ನ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬಹುದು... ಹಿಂದಿನಿಂದ ಒಂದು ಜಗ್ಗು. ಯಾರೋ ಹಗ್ಗಕ್ಕೆ ಕೈ ಹಾಕಿದ ಹಾಗೆ.

ಚಿಲಕ ಹಾಕಿದಿರಾ? ಸರಿ. ಹತ್ತಿರ ಸರಿದು ಕೂತ್ಕೊಳ್ಳಿ. ಮಧ್ಯದಲ್ಲಿ ಯಾರೂ ಎದ್ದು ನೀರು ಬೇಕು ಅನ್ನಬಾರದು, ಮೊದಲೇ ಹೇಳಿದ್ದೀನಿ.

ಇದು ನಾನು ಕಟ್ಟಿದ ಕತೆ ಅಲ್ಲ. ನಮ್ಮ ಪಕ್ಕದ ಮನೆ ದರ್ಜಿಯ ಮಗಳಿಗೆ ಆದದ್ದು. ಚಿಟಿಕೆ ಅಂತ ಕರೀತೀವಲ್ಲ, ಅವಳಿಗೆ. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಎಲ್ಲಿಗೆ ಹೋದರೂ ಬೆರಳಲ್ಲಿ ಚಿಟಿಕೆ ಹೊಡೀತಾಳೆ. ಟಕ್. ಆ ಸದ್ದು ಹೋಗಿ ತಿರುಗಿ ಬರುವ ರೀತಿಯಲ್ಲೇ ಎದುರಿಗೆ ಗೋಡೆಯಿದೆಯೋ, ತೆರೆದ ಬಾಗಿಲಿದೆಯೋ, ಬಟ್ಟೆ ಒಣಗಿಸಿದ್ದಾರೋ ಹೇಳಿಬಿಡ್ತಾಳೆ. ಒಂದು ಸಲ ನನ್ನ ಮುಂದೆ ನಿಂತು ಟಕ್ ಅನ್ನಿಸಿ, "ಅಜ್ಜೀ, ನೀವು ಹೋದ ತಿಂಗಳಿಗಿಂತ ಅಗಲ ಆಗಿದ್ದೀರ" ಅಂದಳು. ಅಂಥ ಬಾಯಿ.

ಅವಳು ಓದೋದು ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ. ಅಲ್ಲಿ ಆಯಾ ಆಗಿರೋದು ಯಾರು? ನನ್ನ ಓರಗಿತ್ತಿ, ನಿಮ್ಮ ಚಿಕ್ಕಜ್ಜಿ. ಅವಳೂ ಆ ಪ್ರವಾಸಕ್ಕೆ ಹೋಗಿದ್ದಳು. ಹಾಗಾಗಿ ನನಗೆ ಇದು ಮೂರು ಬಾಯಿಂದ ಕೇಳಿದ ಸಂಗತಿ. ಚಿಟಿಕೆ ಹೇಳಿದ್ದು, ಚಿಕ್ಕಜ್ಜಿ ಹೇಳಿದ್ದು, ಟೀಚರಮ್ಮ ಹೇಳಿದ್ದು. ಮೂರೂ ಒಂದೇ. ನಿಮ್ಮ ಚಿಕ್ಕಜ್ಜಿ ನಿನ್ನೆ ಮಾಡಿದ ಸಾರನ್ನೇ ಎರಡು ಸಲ ಒಂದೇ ತರ ಹೇಳೋಳಲ್ಲ. ಇದನ್ನ ಮಾತ್ರ ಪ್ರತಿ ಸಲವೂ ಒಂದಕ್ಷರ ಬದಲಾಯಿಸದೆ ಹೇಳ್ತಾಳೆ.

ಹೊರದೇಶದ ಪ್ರವಾಸ ಅದು. ಬಹಳ ಹಿಂದಿನ ಕಾಲದಲ್ಲಿ ಗ್ರೀಕರು ಅಂತ ಜನ ಇದ್ದರಂತೆ. ಅವರು ಕಟ್ಟಿದ ಗುಡಿಗಳು ಬಿದ್ದುಹೋಗಿ, ಕಂಬಗಳು ಮಾತ್ರ ಗುಡ್ಡದ ಮೇಲೆ ನಿಂತಿವೆಯಂತೆ. ಬೇರೆಯವರು ಅದನ್ನ ಕಣ್ಣಲ್ಲಿ ನೋಡಿ ಫೋಟೋ ಹೊಡೆದುಕೊಂಡು ಬರ್ತಾರೆ. ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಸೀಟಿ ಊದ್ತಾರೆ. ಆದರೆ ಅಲ್ಲಿಯವರು ನಮ್ಮ ಶಾಲೆಗೆ ಹೇಳಿಕಳಿಸಿದ್ದರು. ಈ ಮಕ್ಕಳು ಬರಲಿ, ಇವರು ಮುಟ್ಟಿಯೇ ನೋಡಲಿ, ಉಳಿದ ಜನ ಎಲ್ಲಾ ಹೊರಟುಹೋದ ಮೇಲೆ ಸಾಯಂಕಾಲ ಬಿಡ್ತೀವಿ ಅಂತ. ಅದಕ್ಕೇ ಅಷ್ಟು ಹೊತ್ತಾದದ್ದು.

ಈಗ ಆ ಹಗ್ಗದ ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯೋದಿಲ್ಲ.

ಆ ಶಾಲೆಯ ಮಕ್ಕಳು ಹೊರಗೆ ಹೋಗೋದು ಹಗ್ಗ ಹಿಡಿದು. ಉದ್ದನೆಯ ಹಗ್ಗಕ್ಕೆ ಮಗುವಿಗೊಂದರಂತೆ ಬಟ್ಟೆಯ ಕುಣಿಕೆ. ಹೊಲಿದುಕೊಟ್ಟದ್ದು ಚಿಟಿಕೆಯ ಅಪ್ಪ, ದರ್ಜಿ. ಮುಟ್ಟಿದ ಕೂಡಲೇ ತನ್ನದು ಅಂತ ಗೊತ್ತಾಗಲಿ ಎಂದು ಒಂದೊಂದಕ್ಕೂ ಒಂದೊಂದು ಬಟ್ಟೆ ಹಾಕಿದ್ದ. ಚಿಟಿಕೆಯದು ರೇಷ್ಮೆ ಅಂಚು. ಅವಳ ಹಿಂದಿನ ಹುಡುಗನದು ಟವೆಲ್ ಬಟ್ಟೆ. ಹಗ್ಗದ ತಲೆ ಟೀಚರಮ್ಮನ ಕೈಯಲ್ಲಿ, ಬಾಲ ನಿಮ್ಮ ಚಿಕ್ಕಜ್ಜಿಯ ಸೊಂಟಕ್ಕೆ. ಬಾಲಕ್ಕೆ ಒಂದು ಪುಟ್ಟ ಗಂಟೆ. ಟಿಣ್... ಟಿಣ್... ಅದು ಕೇಳ್ತಿದ್ದರೆ ಎಲ್ಲರೂ ಬರ್ತಿದ್ದಾರೆ ಅಂತ ಟೀಚರಮ್ಮನಿಗೆ ತಿರುಗದೆಯೇ ಗೊತ್ತಾಗುತ್ತೆ.

ಮತ್ತೆ ಅವರದೊಂದು ಪದ್ಧತಿ. ಯಾರ ಕೈ ಹಿಡಿದರೂ ಸುಮ್ಮನೆ ಹಿಡಿಯೋ ಹಾಗಿಲ್ಲ. "ನಾನಿದ್ದೀನಿ, ಹಿಡ್ಕೋ, ಬಾ" ಅನ್ನಬೇಕು. ಹಾಗಂದ ಮೇಲೆ ಅವರನ್ನ ಮಧ್ಯದಾರಿಯಲ್ಲಿ ಬಿಡೋ ಹಾಗಿಲ್ಲ. ಅವರ ಬಾಗಿಲವರೆಗೆ ಕರ್ಕೊಂಡು ಹೋಗಿ, ಅವರ ಕೈಯನ್ನ ಬಾಗಿಲಿಗೆ ಮುಟ್ಟಿಸಿ, "ಮನೆ ಬಂತು, ಬಿಡು" ಅಂದಮೇಲೇ ಕೈ ಬಿಡಿಸಿಕೊಳ್ಳೋದು. ಚಿಕ್ಕ ಮಕ್ಕಳಿಂದ ಹಿಡಿದು ಎಲ್ಲರಿಗೂ ಇದು ಉಸಿರಾಡಿದಷ್ಟು ರೂಢಿ.

ಇನ್ನೊಂದು. ಯಾವ ಮಗು ಬಂದಿಲ್ಲವೋ ಅದರ ಕುಣಿಕೆಗೆ ಗಂಟು ಹಾಕಿ ಮುಚ್ಚಬೇಕು. ಖಾಲಿ ಕುಣಿಕೆ ಜೋತಾಡಿದರೆ ಕಾಲಿಗೆ ಸಿಗುತ್ತೆ. ಅವತ್ತು ಟವೆಲ್ ಬಟ್ಟೆಯ ಹುಡುಗನಿಗೆ ಜ್ವರ, ಇಳಿದುಕೊಂಡಿದ್ದ ಕೋಣೆಯಲ್ಲೇ ಇನ್ನೊಬ್ಬ ಮೇಷ್ಟ್ರ ಜೊತೆ ಮಲಗಿದ್ದ. ನಿಮ್ಮ ಚಿಕ್ಕಜ್ಜಿ ಗಂಟು ಹಾಕೋಣ ಅಂತ ಕೂತವಳು, ಚಹಾ ಬಂತು ಅಂತ ಯಾರೋ ಕೂಗಿದ್ದಕ್ಕೆ ಎದ್ದುಹೋದಳು. ಆಮೇಲೆ ಮರೆತಳು.

ಕುಣಿಕೆ ತೆರೆದೇ ಉಳೀತು.

ಗುಡ್ಡದ ಮೇಲೆ ಮಕ್ಕಳ ಸಂಭ್ರಮ ಕೇಳಬೇಕಿತ್ತಂತೆ. ಹಗ್ಗ ಬಿಟ್ಟು ಕಂಬಗಳನ್ನ ತಬ್ಬಿಕೊಂಡರು. ಮೂರು ಮಕ್ಕಳು ಕೈ ಕೈ ಹಿಡಿದರೂ ಒಂದು ಕಂಬದ ಸುತ್ತಳತೆ ಸಿಗಲಿಲ್ಲ. ಕಂಬದ ಮೈಮೇಲೆಲ್ಲ ಉದ್ದುದ್ದ ಗೀರು ಕೊರೆದಿದ್ದರು. ಚಿಟಿಕೆ ಸವರಿ ಸವರಿ, "ಟೀಚರ್, ಇದು ಸೀರೆ ಉಟ್ಟಿದೆ! ನೆರಿಗೆ ನೋಡಿ, ಆಯಮ್ಮನಿಗಿಂತ ನೀಟಾಗಿ ಹಿಡಿದಿದೆ" ಅಂದಳು.

"ಹಿಡಿಯುತ್ತಮ್ಮಾ, ಅದಕ್ಕೇನು ನಿಮ್ಮಂಥೋರ ಮೂಗು ಒರೆಸೋ ಕೆಲಸ ಇದೆಯಾ?" ಅಂತ ಚಿಕ್ಕಜ್ಜಿ.

ಕೆಳಗೆ ಬರುವ ದಾರಿಯಲ್ಲಿ, ಬಾವಿಗೆ ಸ್ವಲ್ಪ ಮೇಲೆ, ಒಂದು ಮೋಟು ಗೋಡೆಗೆ ಒರಗಿಸಿ ಗೋರಿಕಲ್ಲುಗಳನ್ನ ನಿಲ್ಲಿಸಿದ್ದರು. ಆ ಕಾಲದವರು ಸತ್ತವರ ರೂಪವನ್ನೇ ಕಲ್ಲಿನ ಮೇಲೆ ಕೆತ್ತುತ್ತಿದ್ದರಂತೆ. ಕಾವಲುಗಾರ ಮುದುಕ ಕೊನೆಯ ಕಲ್ಲು ತೋರಿಸಿ, ಇದು ಮಗು, ಅಂತ ಕೈಯಲ್ಲೇ ಎತ್ತರ ತೋರಿಸಿದ. ಟೀಚರಮ್ಮ ಮಕ್ಕಳಿಗೆ ಹೇಳಿದರು. ಕೀಲಿಗೊಂಚಲು ಜಣಜಣ ಅನ್ನಿಸಿಕೊಂಡು ಆತ ಕೆಳಗಿನ ಗೇಟಿನ ಹತ್ತಿರ ಕಾಯ್ತೀನಿ ಅಂತ ಹೊರಟುಹೋದ.

ಚಿಟಿಕೆ ಆ ಕಲ್ಲನ್ನ ಮುಟ್ಟಿ ನೋಡಿದಳು. ಒಬ್ಬ ಹುಡುಗಿ. ಸುಮಾರು ಅವಳಷ್ಟೇ ಎತ್ತರ. ಒಂದು ಕೈಯಲ್ಲಿ ಹಕ್ಕಿ ಹಿಡಿದು ಎದೆಗೆ ಒತ್ತಿಕೊಂಡಿದ್ದಾಳೆ. ಇನ್ನೊಂದು ಕೈ ಕಲ್ಲಿನಿಂದ ಹೊರಗೆ ಚಾಚಿದೆ. ಕಿರುಬೆರಳು ಮುರಿದಿದೆ. ಮುರಿದ ಜಾಗ ತುಂಡು ಸೀಮೆಸುಣ್ಣದ ತರ ಒರಟೊರಟು.

ಚಾಚಿದ ಕೈ ಸಿಕ್ಕಿದ ಮೇಲೆ ಆ ಶಾಲೆಯ ಮಗು ಏನು ಮಾಡುತ್ತೆ? ರೂಢಿ ನೋಡಿ. ಬೆರಳು ಕೂಡಿಸಿ ಹಿಡಿದಳು. "ನಾನಿದ್ದೀನಿ, ಹಿಡ್ಕೋ, ಬಾ" ಅಂದಳು.

ಚಿಕ್ಕಜ್ಜಿ ನಕ್ಕಳಂತೆ. "ಬರ್ತಾಳೆ ಕಣೇ, ಬುತ್ತಿ ಕಟ್ಕೊಂಡು."

ಅಷ್ಟೇ ಆದದ್ದು. ಎಲ್ಲರೂ ಹಗ್ಗ ಹಿಡಿದು ಹೊರಟರು.

ಬಾವಿಯ ಹತ್ತಿರ ಟೀಚರಮ್ಮ ಒಂದು ಗಳಿಗೆ ನಿಲ್ಲಿಸಿದರು. ಮಕ್ಕಳು ಕಟ್ಟೆಗೆ ಒರಗಿ ಒಳಗೆ "ಓ..." ಅಂತ ಕೂಗಿದರು. ಬಾವಿ "ಓ..." ಅಂತು. ನಕ್ಕರು. ಮತ್ತೆ ಕೂಗಿದರು, ಮತ್ತೆ ಬಂತು. ಸಾಕು ನಡೀರಿ ಅಂದರು ಟೀಚರಮ್ಮ. ಎಲ್ಲರೂ ಸುಮ್ಮನಾದರು.

ಆಮೇಲೆ... ಇನ್ನೊಂದು. ಸಣ್ಣ ದನಿ.

"ಓ..."

"ಬಾವಿ ನಿಧಾನ ಮಾಡ್ತು" ಅಂತ ಒಂದು ಮಗು ನಕ್ಕಿತು.

ಚಿಟಿಕೆ ನಗಲಿಲ್ಲ. "ಕೊನೇದು ಬಾವಿಯೊಳಗಿಂದ ಬರ್ಲಿಲ್ಲ" ಅಂದಳು.

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ಹೆಜ್ಜೆ. ಆಗಲೇ ಆ ಜಗ್ಗು ಬಂದದ್ದು.

"ಆಯಮ್ಮಾ, ಎಳೀಬೇಡಿ" ಅಂದಳು ಚಿಟಿಕೆ.

"ನಾನೆಲ್ಲಿ ಎಳೆದೆ? ನೀನೇ ಎಳೀತಿದ್ದೀಯ."

ಗಂಟೆಯ ಸದ್ದೂ ಬದಲಾಗಿತ್ತಂತೆ. ಮೊದಲು ಟಿಣ್, ಟಿಣ್ ಅನ್ನುತ್ತಿತ್ತು. ಈಗ ಟಿಣ್... ತಡೆದು... ಟ್ಟ್. ಯಾರೋ ಹಗ್ಗವನ್ನ ಬಿಗಿಯಾಗಿ ಹಿಡಿದಾಗ ಗಂಟೆಯ ನಾಲಿಗೆ ಅರ್ಧಕ್ಕೇ ನಿಲ್ಲೋ ಹಾಗೆ.

ಚಿಟಿಕೆ ಕುಣಿಕೆಯನ್ನ ಮಣಿಕಟ್ಟಿಗೆ ಏರಿಸಿಕೊಂಡು, ಹಿಂದಕ್ಕೆ ತಿರುಗಿ ಚಿಟಿಕೆ ಹೊಡೆದಳು.

ಟಕ್.

ಅವಳ ಹಿಂದೆ ಇರಬೇಕಾದದ್ದು ಖಾಲಿ ಜಾಗ, ಅದರ ಹಿಂದೆ ಚಿಕ್ಕಜ್ಜಿ. ಚಿಕ್ಕಜ್ಜಿಯ ಸದ್ದು ಅವಳಿಗೆ ಗೊತ್ತು, ಹಾಸಿಗೆಗೆ ತಾಗಿ ಬಂದ ಹಾಗೆ ಮೆತ್ತಗಿರುತ್ತೆ. ಆದರೆ ಇದು ಗಟ್ಟಿ. ಹತ್ತಿರ. ಮೊಳ ದೂರದಲ್ಲಿ ಕಲ್ಲುಗೋಡೆ ಇದ್ದ ಹಾಗೆ.

ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಹೊಡೆದಳು. ಟಕ್. ಅಷ್ಟೇ ದೂರ.

ಇನ್ನೊಂದು ಹೆಜ್ಜೆ. ಟಕ್. ಅಷ್ಟೇ ದೂರ.

"ಟೀಚರ್..." ಪಿಸುದನಿ. "ನನ್ನ ಹಿಂದೆ ಗೋಡೆ ನಡ್ಕೊಂಡು ಬರ್ತಿದೆ."

ಟೀಚರಮ್ಮನಿಗೆ ಸರಿಯಾಗಿ ಕೇಳಲಿಲ್ಲ. ಇಳಿಜಾರು ಶುರುವಾಗಿತ್ತು, "ಕೈ ಕೊಡಿ!" ಅಂತ ಕೂಗಿದರು. ಇಳಿಜಾರಿನಲ್ಲಿ ಕುಣಿಕೆ ಒಂದು ಮಣಿಕಟ್ಟಿಗೆ, ಇನ್ನೊಂದು ಕೈ ಹಿಂದಕ್ಕೆ. ಹಿಂದಿನವರು ಅದನ್ನ ಕುಣಿಕೆ ಇರೋ ಕೈಯಲ್ಲಿ ಹಿಡೀತಾರೆ. ಅದೂ ರೂಢಿಯೇ. ಚಿಟಿಕೆ ಯೋಚನೆ ಮಾಡದೆ ಎಡಗೈ ಹಿಂದಕ್ಕೆ ಚಾಚಿಬಿಟ್ಟಳು.

ಒಂದು ಕೈ ಹಿಡಿದುಕೊಂಡಿತು.

ಪುಟ್ಟ ಕೈ. ತಣ್ಣಗೆ... ನೀರಿನ ತಣ್ಣಗಲ್ಲ, ಬೆಳಗಿನ ಜಾವ ಬರಿಗಾಲು ಕಲ್ಲುಚಪ್ಪಡಿ ಮೇಲೆ ಇಟ್ಟಾಗ ಆಗುತ್ತಲ್ಲ, ಹಾಗೆ. ಚಿಟಿಕೆ ಮೆಲ್ಲಗೆ ಅದರ ಬೆರಳುಗಳ ಮೇಲೆ ತನ್ನ ಹೆಬ್ಬೆರಳು ಸವರಿದಳು. ತೋರುಬೆರಳು ಇತ್ತು. ನಡುಬೆರಳು ಇತ್ತು. ಉಂಗುರದ ಬೆರಳು ಇತ್ತು.

ಆಮೇಲೆ ಒರಟು. ತುಂಡು ಸೀಮೆಸುಣ್ಣ.

ಕಿರುಚಲಿಲ್ಲ ಆ ಹುಡುಗಿ. ನಿಂತುಬಿಟ್ಟಳು. ಮುಂದಿನ ಮಗು ಅವಳಿಂದಾಗಿ ನಿಂತಿತು, ಅದರ ಮುಂದಿನದೂ ನಿಂತಿತು, ಹಗ್ಗ ಬಿಗಿದು ಟೀಚರಮ್ಮ ತಿರುಗಿ ಟಾರ್ಚ್ ಬಿಟ್ಟರು.

ಬೆಳಕು ಚೆನ್ನಾಗಿಯೇ ಇತ್ತು. ಚಿಟಿಕೆಯ ಹಿಂದೆ ಯಾರೂ ಇರಲಿಲ್ಲ.

ಆದರೆ ಟವೆಲ್ ಬಟ್ಟೆಯ ಕುಣಿಕೆ... ಖಾಲಿ ಕುಣಿಕೆ ಜೋತುಬೀಳಬೇಕಲ್ಲವಾ? ಬಿದ್ದಿರಲಿಲ್ಲ. ಎದ್ದು ನಿಂತಿತ್ತು. ಒಳಗೆ ಮಣಿಕಟ್ಟು ಇದ್ದ ಹಾಗೆ ಬಟ್ಟೆ ಉಬ್ಬಿತ್ತು. ಚಿಟಿಕೆಯ ಎಡಗೈ ಹಿಂದಕ್ಕೆ ಚಾಚಿಕೊಂಡಿತ್ತು, ಬೆರಳುಗಳು ಒಂದಕ್ಕೊಂದು ಒತ್ತಿ ಬೆಳ್ಳಗಾಗಿದ್ದವು. ಯಾರೋ ಅಮುಕಿ ಹಿಡಿದ ಹಾಗೆ.

ನಿಮ್ಮ ಚಿಕ್ಕಜ್ಜಿ ಅದನ್ನ ಒಂದು ಮಾರು ದೂರದಿಂದ ನೋಡಿದಳು. ಅವಳ ಸೊಂಟದ ಗಂಟೆ ಟಿಣಿಟಿಣಿಟಿಣಿ ಅಂತ ತಾನೇ ಬಡಿದುಕೊಳ್ಳೋಕೆ ಶುರುಮಾಡಿತು. ಗಾಳಿಗಲ್ಲ. ಅವಳು ಹಿಂದಕ್ಕೆ ಹಿಂದಕ್ಕೆ ಸರಿದದ್ದಕ್ಕೆ.

ಟೀಚರಮ್ಮ ಓಡಿಬಂದು ಚಿಟಿಕೆಯ ಕೈ ಹಿಡಿದು ಎಳೆದರು. ಬರಲಿಲ್ಲ. ಗೋಡೆಗೆ ಹೊಲಿದ ಹಾಗೆ ಗಾಳಿಯಲ್ಲಿ ನಿಂತಿತ್ತು.

"ಟೀಚರ್, ಕಿರುಬೆರಳು ಹೋಯ್ತು."

"ಹೋಯ್ತು ಅಂದ್ರೆ? ಇದೆಯಲ್ಲ ಪುಟ್ಟೀ, ಇಲ್ಲೇ ಇದೆ."

"ಇದೆ. ಏನೂ ಹೇಳ್ತಿಲ್ಲ." ಸ್ವಲ್ಪ ತಡೆದು, "ಈಗ ಪಕ್ಕದ್ದೂ."

ನಮಗೆ ನಿಮಗೆ ಬೆರಳು ಮರಗಟ್ಟಿದರೆ ಉಜ್ಜಿಕೊಂಡು ಸುಮ್ಮನಾಗ್ತೀವಿ. ಆ ಹುಡುಗಿಗೆ ಇರೋ ಕಣ್ಣೇ ಆ ಬೆರಳುಗಳು. ಅದರಲ್ಲೂ ಎಡಗೈ ತೋರುಬೆರಳು. ಚುಕ್ಕಿ ಚುಕ್ಕಿ ಎದ್ದಿರೋ ಅವಳ ಪುಸ್ತಕ ಓದೋದು ಅದರಲ್ಲೇ, ಅಪ್ಪನ ಅಂಗಡಿಯಲ್ಲಿ ಗುಂಡಿ ಜೋಡಿಸೋದು ಅದರಲ್ಲೇ, ತಮ್ಮ ಹುಟ್ಟಿದಾಗ ಅವನ ಮುಖ ನೋಡಿದ್ದೂ ಅದರಲ್ಲೇ. ಅದು ಹೋದರೆ ಅವಳಿಗೆ ಎರಡನೇ ಸಲ ಕತ್ತಲೆ.

"ಗೇಟು ದಾಟಿಬಿಡೋಣ" ಅಂದಳು ಚಿಕ್ಕಜ್ಜಿ. "ಇದು ಅದರ ಜಾಗ ಅಲ್ವಾ? ಅದರ ಜಾಗ ಬಿಟ್ಟರೆ ಅದೂ ಬಿಡುತ್ತೆ. ಬೇಗ!"

ಟೀಚರಮ್ಮನಿಗೂ ಹಾಗೇ ಅನ್ನಿಸಿತು. ಚಿಟಿಕೆಯನ್ನ ತೋಳಲ್ಲಿ ಬಳಸಿಕೊಂಡು ಇಳಿದರು. ಮುಂದೆ ಹೋದರೆ ಆ ಕೈ ತಡೆಯಲಿಲ್ಲ. ಜೊತೆಗೇ ಬಂತು. ಅದೇ ಭಯ. ತಡೆಯಲಿಲ್ಲ, ಬಂತು. ಮಕ್ಕಳ ಕಾಲಿನ ಸರಸರ ಸದ್ದಿನ ಹಿಂದೆ, ಮಣ್ಣಿನ ಮೇಲೆ ಭಾರದ್ದೊಂದು ಇಟ್ಟ ಹಾಗೆ... ಧಬ್. ... ಧಬ್. ಕಾವಲುಗಾರನ ಕೀಲಿಗೊಂಚಲು ಜಣಜಣ ಕೇಳಿಸೋಷ್ಟು ಹತ್ತಿರ ಬಂದರು.

"ಟೀಚರ್, ಅಂಗೈ ಹೋಯ್ತು." ಇನ್ನೂ ನಾಲ್ಕು ಹೆಜ್ಜೆ. "ಮೊಣಕೈ." ಆಮೇಲೆ ಆ ಮಗು ಅಂದದ್ದು ಇದು. "ಮುಂದೆ ಹೋದಷ್ಟೂ ಜಾಸ್ತಿ ಆಗ್ತಿದೆ. ಟೀಚರ್, ತಪ್ಪು ದಾರಿ. ಅವಳ ಮನೆ ಈ ಕಡೆ ಇಲ್ಲ."

"ಯಾರ ಮನೆ?"

"ನಾನು ಬಾ ಅಂದೆ. ಬಿಡು ಅಂತ ಹೇಳಲೇ ಇಲ್ಲ. ಅದಕ್ಕೇ ಹಿಡ್ಕೊಂಡಿದ್ದಾಳೆ. ನಾವಾದ್ರೂ ಬಿಡ್ತೀವಾ ಟೀಚರ್, ಹೇಳದೆ?"

ಟೀಚರಮ್ಮ ನಿಂತರು. ಕೀಲಿಯ ಸದ್ದು ಇಷ್ಟು ಹತ್ತಿರ. ಮೇಲೆ ಬರೀ ಕತ್ತಲೆ.

"ತಿರುಗಿ ಎಲ್ಲರೂ" ಅಂದರು. "ನನ್ನ ಚೀಲ ಮರೆತೆ."

"ನಿಮ್ಮ ಚೀಲ ನಿಮ್ಮ ಹೆಗಲ ಮೇಲೇ ಕರಕರ ಅಂತಿದೆಯಲ್ಲ ಟೀಚರ್" ಅಂತು ಒಂದು ಮಗು. ಆದರೆ ಅವರ ದನಿಯಲ್ಲಿ ಏನೋ ಕೇಳಿಸಿರಬೇಕು. ತಿರುಗಿದರು.

ಹಗ್ಗ ತಿರುಗಿದರೆ ಏನಾಗುತ್ತೆ ಹೇಳಿ? ಬಾಲವೇ ತಲೆ ಆಗುತ್ತೆ. ಎಲ್ಲರಿಗಿಂತ ಮುಂದೆ ಈಗ ನಿಮ್ಮ ಚಿಕ್ಕಜ್ಜಿ. ಅವಳ ಬೆನ್ನ ಹಿಂದೆ ಟವೆಲ್ ಬಟ್ಟೆಯ ಕುಣಿಕೆ. ಅದರ ಹಿಂದೆ ಚಿಟಿಕೆ.

"ನಾನು ಆಗಲ್ಲ" ಅಂದಳು ಚಿಕ್ಕಜ್ಜಿ.

"ಆಯಮ್ಮಾ, ನನ್ನ ಬೆರಳು" ಅಂದಳು ಚಿಟಿಕೆ.

ನಡೆದಳು. ನಾಯಿ ಬೊಗಳಿದರೆ ರಸ್ತೆ ಬದಲಾಯಿಸೋ ಹೆಂಗಸು, ನಡೆದಳು. ಆಮೇಲೆ ನನಗೆ ಹೇಳಿದಳು, "ಅಕ್ಕಾ, ಕುತ್ತಿಗೆ ಮೇಲೆ ಅದರ ಉಸಿರು ತಾಗುತ್ತೆ ಅಂತ ಕಾಯ್ತಾ ಇದ್ದೆ. ತಾಗಲೇ ಇಲ್ಲ. ಅಷ್ಟು ಹತ್ತಿರ ಇದೆ, ಉಸಿರೇ ಇಲ್ಲ. ಅದಕ್ಕಿಂತ ಊಫ್ ಅಂದಿದ್ರೆ ವಾಸಿಯಿತ್ತು."

ಟಿಣ್... ಟ್ಟ್. ಟಿಣ್... ಟ್ಟ್. ಬಾವಿ ದಾಟಿದರು. ಯಾರೂ ಕೂಗಲಿಲ್ಲ. ಬಾವಿ ಸುಮ್ಮನಿತ್ತು.

ಮೋಟು ಗೋಡೆ ಸಿಕ್ಕಿತು. ಕೊನೆಯ ಕಲ್ಲು. ಟೀಚರಮ್ಮ ಟಾರ್ಚನ್ನ ನೆಲಕ್ಕೆ ತಿರುಗಿಸಿಬಿಟ್ಟರು. ಆ ಕಲ್ಲಿನ ಮೇಲೆ ಹುಡುಗಿ ಇದ್ದಾಳೋ ಇಲ್ಲವೋ ಅಂತ ನೋಡಲೇ ಇಲ್ಲವಂತೆ. ನಾನು ಕೇಳಿದ್ದೀನಿ, "ಯಾಕಮ್ಮಾ ನೋಡಲಿಲ್ಲ?" ಅಂತ. "ಇಲ್ಲದಿದ್ದರೆ ಏನು ಮಾಡಬೇಕಿತ್ತು?" ಅಂದರು.

"ಮನೆ ಬಂತು, ಬಿಡು" ಅಂದಳು ಚಿಟಿಕೆ.

ಏನೂ ಆಗಲಿಲ್ಲ.

"ಮನೆ ಬಂತು... ಬಿಡು."

ಕುಣಿಕೆ ನಿಂತೇ ಇತ್ತು. ಚಿಟಿಕೆ ಅಳೋಕೆ ಶುರುಮಾಡಿದಳು. "ಟೀಚರ್, ಭುಜಕ್ಕೆ ಬಂತು."

ಆಗ ಚಿಕ್ಕಜ್ಜಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬೈದಳು. "ಬರೀ ಬಾಯಲ್ಲಿ ಹೇಳಿದ್ರೆ ಯಾರು ಬಿಡ್ತಾರೆ? ಬಾಗಿಲಿಗೆ ಕೈ ಮುಟ್ಟಿಸಿದ್ಯೇನೇ? ನಿನಗೆ ಅಷ್ಟು ಸಲ ಹೇಳಿಕೊಟ್ಟಿದ್ದೀನಿ!"

ಚಿಟಿಕೆ ಬಲಗೈಯಿಂದ ತನ್ನ ಎಡಗೈಯನ್ನೇ ಹಿಡಿದು ಎತ್ತಿದಳು. ಒನಕೆಯಷ್ಟು ಭಾರವಿತ್ತಂತೆ. ಮುಂದಕ್ಕೆ ತಂದು ಗೋರಿಕಲ್ಲಿಗೆ ಮುಟ್ಟಿಸಿದಳು.

ಠಕ್.

ಕಲ್ಲಿಗೆ ಕಲ್ಲು ತಾಗಿದ ಸದ್ದು. ತಾಗಿದ್ದು ಅವಳ ಬೆರಳಿನ ಗೆಣ್ಣು.

"ಮನೆ ಬಂತು" ಅಂದಳು. ಆಮೇಲೆ, ನಿಮ್ಮ ಚಿಕ್ಕಜ್ಜಿ ಇದನ್ನ ಹೇಳುವಾಗ ಪ್ರತಿ ಸಲ ಕಣ್ಣು ಒರೆಸಿಕೊಳ್ತಾಳೆ, ಹೊಸದಾಗಿ ಸೇರಿದ ಪುಟ್ಟ ಮಕ್ಕಳಿಗೆ ಹೇಳೋ ದನಿಯಲ್ಲಿ, "ನಿನ್ನದೇ ಬಾಗಿಲು. ಮುಟ್ಟಿ ನೋಡು. ಬಿಡು" ಅಂದಳು.

ಮಕ್ಕಳ ಉಸಿರು ಮಾತ್ರ.

ಸೊಪ್... ಅಂತ ಟವೆಲ್ ಬಟ್ಟೆಯ ಕುಣಿಕೆ ಮಡಚಿ ಬಿತ್ತು. ಹಗ್ಗ ಹಗುರವಾಯಿತು. ಗಂಟೆ ಒಂದು ಸಲ ಪೂರ್ತಿಯಾಗಿ, ಟಿಣ್ ಅಂತು.

ಅಲ್ಲಿಂದ ಅವರು ಹೇಗೆ ಇಳಿದರು ಅಂತ ಅವರಿಗೇ ನೆನಪಿಲ್ಲ. ಇಳೀತಾ ಇಳೀತಾ ಚಿಟಿಕೆ ಒಂದೊಂದೇ ಹೇಳುತ್ತಿದ್ದಳು. ಮೊಣಕೈ ಬಂತು. ಹೆಬ್ಬೆರಳು ಬಂತು. "ಟೀಚರ್, ತೋರುಬೆರಳು ಬಂತು!" ಅಂದು ಅವರ ಸೆರಗಿನ ಹೊಲಿಗೆ ಮುಟ್ಟಿ, "ಇಲ್ಲಿ ದಾರ ಬಿಚ್ಚಿದೆ, ಅಪ್ಪನ ಹತ್ತಿರ ಕೊಡಿ" ಅಂದಳಂತೆ. ಟೀಚರಮ್ಮ ಅಲ್ಲೇ ಕೂತು ಅತ್ತುಬಿಟ್ಟರು.

ಗೇಟಿನ ಹತ್ತಿರ ಕಾವಲುಗಾರ ಬಾಗಿಲು ಹಿಡಿದು ನಿಂತ. ಮಕ್ಕಳು ದಾಟಿದರು, ಟೀಚರಮ್ಮ ದಾಟಿದರು, ಗಂಟೆ ಕಟ್ಟಿಕೊಂಡ ಚಿಕ್ಕಜ್ಜಿಯೂ ದಾಟಿದಳು. ಆತ ಇನ್ನೂ ಒಂದು ಗಳಿಗೆ ಬಾಗಿಲು ಹಿಡಿದೇ ಇದ್ದ, ದಾರಿಯ ಮೇಲ್ಗಡೆ ನೋಡುತ್ತಾ. ಆಮೇಲೆ ತಲೆಯಾಡಿಸಿ ಬೀಗ ಹಾಕಿದ.

ಊರಿಗೆ ಬಂದ ಮೇಲೆ ದರ್ಜಿ ಆ ಟವೆಲ್ ಬಟ್ಟೆಯ ಕುಣಿಕೆ ಬಿಚ್ಚಿ ತೆಗೆದು, ಜ್ವರದ ಹುಡುಗನಿಗೆ ಕಂಬಳಿ ಬಟ್ಟೆಯದು ಹೊಲಿದುಕೊಟ್ಟ. ಈಗ ಚಿಕ್ಕಜ್ಜಿ ಗಂಟು ಹಾಕೋದು ಮರೆಯೋದಿಲ್ಲ. ಚಹಾ ಆರಿ ನೀರಾದರೂ ಸರಿ.

ಟೀಚರಮ್ಮನ ಫೋನಿಗೆ ಆ ಕಾವಲುಗಾರ ಒಂದು ಫೋಟೋ ಕಳಿಸಿದ್ದ. ನಾನೂ ನೋಡಿದೆ. ಅಲ್ಲಿ ಆಗ ಕೊರೆಯುವ ಚಳಿಗಾಲ, ಕಲ್ಲುಗಳ ಮೇಲೆಲ್ಲ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ಕೂತಿದೆ. ಆ ಹುಡುಗಿ ಕಲ್ಲಿನ ಮೇಲೇ ಇದ್ದಾಳೆ, ಹಕ್ಕಿ ಹಿಡಿದು. ಚಾಚಿದ ಕೈಯ ಮೇಲೆ ಒಂದು ಬೆಕ್ಕು ಮುದುಡಿ ಮಲಗಿದೆ. ಚಳಿಯ ಬೆಳಿಗ್ಗೆ ದಿನಾ ಅಲ್ಲೇ ಬಂದು ಮಲಗುತ್ತಂತೆ. ಬೆಕ್ಕಿನ ಬುದ್ಧಿ ನಿಮಗೆ ಗೊತ್ತಲ್ಲ, ಬೆಚ್ಚಗಿಲ್ಲದ ಕಡೆ ಅದು ಮಲಗುತ್ತಾ?

ಚಿಟಿಕೆಗೆ ಎಲ್ಲಾ ಬೆರಳೂ ವಾಪಸ್ಸು ಬಂದವು. ಎಡಗೈ ಕಿರುಬೆರಳು ಬಿಟ್ಟು. ನೋಡೋಕೆ ಚೆನ್ನಾಗಿಯೇ ಇದೆ, ಮಡಚುತ್ತೆ, ಉಗುರೂ ಬೆಳೆಯುತ್ತೆ. ಡಾಕ್ಟರು ನರ ಅಂದರು. ಎಂಥ ಬಿರುಬೇಸಿಗೆಯಲ್ಲಿ ಮುಟ್ಟಿದರೂ ಕಲ್ಲುಚಪ್ಪಡಿಯ ತಣ್ಣಗೆ. ಅವಳಿಗೆ ಈಗ ಅದರ ಯೋಚನೆಯೇ ಇಲ್ಲ. ತಮ್ಮನ ಹಾಲು ಸುಡುತ್ತಿದ್ದರೆ ಲೋಟಕ್ಕೆ ಆ ಬೆರಳು ತಾಗಿಸಿ ಹಿಡ್ಕೊಂಡು ಕೂರ್ತಾಳೆ.

ನಗಬೇಡಿ. ನಡೆದದ್ದು ಇದು. ನಿನ್ನೆ ಸಂಜೆ ನಮ್ಮ ಜಗಲಿಗೆ ಬಂದಿದ್ದಳಲ್ಲ, ನೀವೆಲ್ಲಾ ಆಟಕ್ಕೆ ಹೋಗಿದ್ದಿರಿ. ನನ್ನ ಚಹಾ ಒಲೆಯಿಂದ ಆಗ ತಾನೇ ಇಳಿಸಿದ್ದು, ಹೊಗೆಯಾಡುತ್ತಿತ್ತು. "ಕೊಡಿ ಅಜ್ಜೀ" ಅಂತ ಲೋಟ ತಗೊಂಡಳು. ಆ ಬೆರಳು ತಾಗಿಸಿದಳು. ನಾನು ಸೆರಗಲ್ಲಿ ಮುಖ ಒರೆಸಿಕೊಳ್ಳೋ ಅಷ್ಟರಲ್ಲಿ ವಾಪಸ್ಸು ಕೊಟ್ಟಳು.

ಕುಡಿದೆ. ತಣ್ಣಗಿತ್ತು.